ಕಿವಿಯ ಹಿಂದೆ ಹಸಿರು ಪುಡಿ

ನನ್ನ ಮೊದಲ ಕಂಚಿನ ಗೊಂಬೆ ಕೂತಿರುವ ಒಂದು ನಾಯಿ. ಅಂಗೈಯಷ್ಟೇ ಎತ್ತರ, ಮೈಯೆಲ್ಲ ಕಡು ಕಂದು. ಕೊಳೆ ಅಂದುಕೊಂಡು ಪಾಲಿಶ್ ಹಚ್ಚಿ ಸಂಜೆಯೆಲ್ಲ ತಿಕ್ಕಿದೆ. ಬೆಳಿಗ್ಗೆ ನೋಡಿದರೆ ಹೊಸ ನಲ್ಲಿಯ ಹಾಗೆ ಫಳಫಳ ಅನ್ನುತ್ತಿತ್ತು. ಆ ಕಂದು ಕೊಳೆಯಲ್ಲ, ಪಟಿನಾ ಅಂತ ಆಮೇಲೆ ಗೊತ್ತಾಯಿತು. ಲೋಹ ಕಾಯಿಸಿ, ರಾಸಾಯನಿಕ ಹಚ್ಚಿ, ಬೇಕೆಂದೇ ತರಿಸಿದ ಬಣ್ಣ.

ಈಗ ಯಾವ ಗೊಂಬೆ ಬಂದರೂ ಮೊದಲು ಮಗುಚಿ ಹಿಡಿದು ತಳ ನೋಡುತ್ತೇನೆ. ಬಣ್ಣ ಸವೆದ ಜಾಗ ಬೂದು-ಬಿಳುಪಾಗಿದ್ದರೆ ಅದು ಸತು. ಕೆಂಪು-ಹಳದಿ ಇದ್ದರೆ ಕಂಚು ಇಲ್ಲವೇ ಹಿತ್ತಾಳೆ. ಅನುಮಾನ ಬಂದರೆ ತಕ್ಕಡಿ ತೆಗೆಯುತ್ತೇನೆ. ನಾಯಿ ತೂಗಿದ್ದು 412 ಗ್ರಾಂ. ಆಮೇಲೆ ನೀರಿನ ಬೋಗುಣಿಯನ್ನು ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡಿ, ನಾಯಿಯನ್ನು ದಾರ ಕಟ್ಟಿ ಪೂರ್ತಿ ಮುಳುಗಿಸಿದೆ. ತಳ ಮುಟ್ಟಬಾರದು, ಟೊಳ್ಳಿನೊಳಗೆ ಗಾಳಿ ಉಳಿಯಬಾರದು. ತಕ್ಕಡಿ 47 ಗ್ರಾಂ ತೋರಿಸಿತು, ಅಂದರೆ ನಾಯಿಯಷ್ಟೇ ಜಾಗ ಹಿಡಿಯುವ ನೀರಿನ ತೂಕ. 412ನ್ನು 47ರಿಂದ ಭಾಗಿಸಿದರೆ ಸುಮಾರು 8.8, ಕಂಚಿನ ಸಾಂದ್ರತೆ. ಸತುವಾದರೆ 7ರ ಆಸುಪಾಸು ಬರುತ್ತಿತ್ತು. ಕಂಚಿನ ಪುಡಿ ಕಲಸಿದ ರೆಸಿನ್ ಆಗಿದ್ದರೆ ಇನ್ನೂ ಎಷ್ಟೋ ಕೆಳಗೆ. ಹಿತ್ತಾಳೆ ಮಾತ್ರ ಕಂಚಿಗೆ ತೀರಾ ಹತ್ತಿರ, ಅದನ್ನು ಈ ಲೆಕ್ಕ ಹಿಡಿಯಲ್ಲ. ವಿಯೆನ್ನಾದಲ್ಲಿ ತಯಾರಾದ, ಬಣ್ಣ ಬಳಿದ ಕಂಚಿನ ಗೊಂಬೆಗಳನ್ನು ನಾನು ನೀರಿಗೆ ಇಳಿಸುವುದೇ ಇಲ್ಲ. ಅವುಗಳ ಬಣ್ಣ ಲೋಹದ ಮೇಲೆ ಸುಮ್ನೆ ಕೂತಿರುತ್ತದೆ, ಅಷ್ಟೆ.

ಅಳತೆಪಟ್ಟಿಯೂ ಕೆಲಸಕ್ಕೆ ಬರುತ್ತದೆ. ಫ್ರಾನ್ಸಿನ ಶಿಲ್ಪಿ ಬಾರ್ಯೆ 1875ರಲ್ಲಿ ತೀರಿಕೊಂಡ ಮೇಲೂ ಅವರ ಪ್ರಾಣಿಗೊಂಬೆಗಳ ಎರಕ ನಿಲ್ಲಲಿಲ್ಲ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ ಅಲ್ವಾ? ಹಾಗಾಗಿ ಗೊಂಬೆಯಿಂದಲೇ ಅಚ್ಚು ತೆಗೆದು ಹೊಯ್ದ ನಕಲು ಮೂಲಕ್ಕಿಂತ ಚೂರು ಚಿಕ್ಕದು. ಗೆರೆಗಳೂ ಮೊಂಡು.

ನನಗೆ ಜಾಸ್ತಿ ಪಾಠ ಕಲಿಸಿದ್ದು ಒಂದು ಪುಟ್ಟ ಗೂಳಿ. ಅದರ ಕಿವಿಯ ಹಿಂದೆ ತಿಳಿ ಹಸಿರು ಪುಡಿ ಇತ್ತು. ಬ್ರಷ್‌ನಲ್ಲಿ ಒರೆಸಿದೆ. ವಾರದಲ್ಲಿ ಮತ್ತೆ ಬಂತು, ಕೆಳಗಿನ ಬಿಳಿ ಕಾಗದದ ಮೇಲೂ ಉದುರಿತ್ತು. ಸಾಮಾನ್ಯ ಕಿಲುಬು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಇದು ಉಗುರು ತಾಗಿದರೆ ಉದುರುತ್ತಿತ್ತು, ಕೆಳಗೆ ಸಣ್ಣ ಗುಳಿ. ಇದಕ್ಕೆ ಕಂಚಿನ ರೋಗ ಅಂತಲೇ ಹೆಸರು. ಉಪ್ಪಿನಿಂದ ಬಂದ ಕ್ಲೋರೈಡ್ ಲೋಹದೊಳಗೆ ಅಡಗಿರುತ್ತದೆ. ತೇವವೂ ಗಾಳಿಯೂ ಸಿಕ್ಕರೆ ಆಮ್ಲ ಹುಟ್ಟುತ್ತದೆ, ಆ ಆಮ್ಲ ಮತ್ತೆ ತಾಮ್ರವನ್ನು ತಿನ್ನುತ್ತದೆ. ತಾನಾಗಿ ನಿಲ್ಲುವ ಮಾತೇ ಇಲ್ಲ.

ಭೂತಗನ್ನಡಿಯ ಕೆಳಗೆ ಮರದ ಕಡ್ಡಿಯಿಂದ ಪುಡಿಯನ್ನು ಕೆದಕಿ ತೆಗೆದೆ. ಕ್ಲೋರೈಡ್ ಹೊರಗೆಳೆಯಲು ಡಿಸ್ಟಿಲ್ಡ್ ನೀರಿನಲ್ಲಿ ಶೇ. 5ರಷ್ಟು ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಎಂಬ ಕ್ಷಾರ ಲವಣ ಕರಗಿಸಿ ಗೂಳಿಯನ್ನು ಅದರಲ್ಲಿ ನೆನೆಹಾಕಿದೆ. ವಾರಕ್ಕೊಮ್ಮೆ ದ್ರಾವಣ ಬದಲಿಸುತ್ತಾ ಎರಡು ತಿಂಗಳು. ಬೆನ್ನಿನ ಬಣ್ಣ ಸ್ವಲ್ಪ ಬದಲಾಯಿತು, ಅದಕ್ಕೆ ಬೇಜಾರಿದೆ. ನಿಜವಾಗಿ ಪ್ರಾಚೀನ ಅನ್ನಬಹುದಾದ ವಸ್ತುವಾಗಿದ್ದರೆ ನಾನು ಕೈಯೇ ಹಾಕುತ್ತಿರಲಿಲ್ಲ, ಸಂರಕ್ಷಣೆ ಬಲ್ಲವರಿಗೆ ಒಪ್ಪಿಸುತ್ತಿದ್ದೆ. ಆಮೇಲೆ ಚೆನ್ನಾಗಿ ತೊಳೆದು, ಒಣಗಿಸಿ, ಒದ್ದೆ ಹತ್ತಿ ಇಟ್ಟ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಟ್ಟೆ. ರೋಗ ಉಳಿದಿದ್ದರೆ ಅಲ್ಲೇ ಮುಖ ತೋರಿಸುತ್ತದೆ. ಕಿವಿ ಶುಚಿಯಾಗಿತ್ತು. ಹಿಂಗಾಲಿನ ಸಂದಿಯಲ್ಲಿ ಮಾತ್ರ ಸೂಜಿಮೊನೆಯಷ್ಟು ಹಸಿರು.

ಮತ್ತೆ ಒಂದು ತಿಂಗಳು ನೆನೆಸಿದೆ. ಮುಂದಿನ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ತೆಳ್ಳಗೆ ಮೇಣ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ಪಕ್ಕದಲ್ಲೇ ತೇವ ಅಳೆಯುವ ಪುಟ್ಟ ಮೀಟರ್ ಇದೆ. ಅದು ಶೇ. 40 ದಾಟಿದ ದಿನ ಜೆಲ್ ಬದಲಿಸುತ್ತೇನೆ, ಕೈಗವಸು ಹಾಕಿಕೊಂಡು ಆ ಹಿಂಗಾಲನ್ನೂ ಒಮ್ಮೆ ನೋಡುತ್ತೇನೆ.