ಹಾರ, ಫ್ಲೆಕ್ಸ್ ಬಿಟ್ಟು ಮಕ್ಕಳನ್ನು ನೆನೆದ ನನ್ನ ಅನುಭವ

“ಹುತ್ತಕ್ಕೆ ಕೈ ಹಾಕಬೇಡಿ ಮೇಷ್ಟ್ರೇ” ಎಂದವರೇ ಈಗ ಮುಂದಿನ ಸಲ ಯಾವತ್ತು ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಎನ್‌ಎಸ್‌ಎಸ್ ನೋಡಿಕೊಳ್ಳುತ್ತೇನೆ. ಓರಗೆಯವರ ಕಾಟ ತಿಂದು, ಕೊನೆಗೆ ಜೀವ ಕಳೆದುಕೊಂಡ ಮಕ್ಕಳನ್ನು ನೆನೆಯುವ ಕೆಲಸ ಇದು.

ಮೊದಲ ಸಲ ಎಲ್ಲರಂತೆಯೇ ಮಾಡಿದೆವು. ಶಾಮಿಯಾನ, ಮೈಕು, ತೀರಿಕೊಂಡ ಹುಡುಗನ ದೊಡ್ಡ ಫ್ಲೆಕ್ಸ್, ಹಾರ. ಹದಿನೆಂಟು ಸಾವಿರದ ಹತ್ತಿರ ಖರ್ಚು. ಅತಿಥಿಯೊಬ್ಬರು ಮೈಕ್ ಹಿಡಿದು “ಇದು ಹೇಡಿತನ” ಎಂದರು. ಹುಡುಗನ ತಾಯಿ ಎದ್ದು ಹೊರಟೇಬಿಟ್ಟರು. ದುಡ್ಡು ಹೋಗಿದ್ದು ಬಿಡಿ, ಆ ಮಾತು ಈಗಲೂ ಹೊಟ್ಟೆ ಉರಿಸುತ್ತದೆ.

ಮುಂದಿನ ವರ್ಷ ಮೇಣದಬತ್ತಿ ಹಿಡಿದು ಎನ್.ಆರ್. ವೃತ್ತದವರೆಗೆ ಮೆರವಣಿಗೆ. ಜನ ಚೆನ್ನಾಗಿಯೇ ಸೇರಿದರು. ರಾತ್ರಿ ವಿದ್ಯಾರ್ಥಿಯೊಬ್ಬನ ವಾಟ್ಸಾಪ್ ಸ್ಟೇಟಸ್ ನೋಡಿ ಎದೆ ಧಸಕ್ಕೆಂದಿತು: “ನಾನು ಹೋದ್ರೂ ಇಷ್ಟು ಜನ ಸೇರ್ತಾರಾ?” ತಕ್ಷಣ ಅವನ ರೂಮಿಗೆ ಹೋದೆ. ಸಾಯುವ ಯೋಚನೆ ಬರ್ತಿದೆಯಾ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಹುಡುಗ ಅತ್ತ, ಮಾತಾಡಿದ, ಮನೆಯವರ ಜತೆ ಡಾಕ್ಟರ ಹತ್ತಿರ ಬಂದ. ಈಗ ಕೆಲಸದಲ್ಲಿದ್ದಾನೆ.

ಅಲ್ಲಿಗೆ ಮೆರವಣಿಗೆ ನಿಲ್ಲಿಸಿದೆ. ನೆನೆಯುವುದನ್ನು ಮಾತ್ರ ಬಿಡಲಿಲ್ಲ.

ಈಗ ತೀರಿಕೊಂಡ ದಿನ ಮಾಡುವುದಿಲ್ಲ, ಹುಟ್ಟಿದ ದಿನ ಮಾಡುತ್ತೇವೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಹತ್ತು ಹನ್ನೆರಡು ಜನ ಸುತ್ತ ಕೂರುತ್ತೇವೆ. ಆ ಮಗುವಿಗೆ ಏನು ಇಷ್ಟವೋ ಅದೇ ಅವತ್ತಿನ ಕಾರ್ಯಕ್ರಮ. ಸಕಲೇಶಪುರ ಕಡೆಯ ಹುಡುಗನಿಗೆ ವಾಲಿಬಾಲ್ ಹುಚ್ಚು, ಮಧ್ಯಾಹ್ನವಿಡೀ ಆಡಿದೆವು. ಇನ್ನೊಂದು ಹುಡುಗಿ ರಂಗೋಲಿಯಲ್ಲಿ ಎತ್ತಿದ ಕೈ. ಅವಳ ಪುಸ್ತಕದಲ್ಲಿದ್ದ ಚುಕ್ಕಿ ರಂಗೋಲಿಗಳನ್ನೇ ಗೆಳತಿಯರು ಅಂಗಳದ ತುಂಬಾ ಹಾಕಿದರು. ಹೇಗೆ ಸತ್ತರು, ಎಲ್ಲಿ ಸತ್ತರು ಎಂಬ ಮಾತು ಎತ್ತುವ ಹಾಗಿಲ್ಲ. ಇಂಥದ್ದೇ ಕಾರಣ ಎಂದು ತೀರ್ಪು ಕೊಡುವ ಹಾಗೂ ಇಲ್ಲ. ಕೊನೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಎಲ್ಲರ ಫೋನಿನಲ್ಲೂ ಸೇವ್ ಮಾಡಿಸುತ್ತೇನೆ. 2022ರಲ್ಲಿ ಶುರುವಾದ ಸೇವೆ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಖರ್ಚು ಎರಡು ಸಾವಿರ ದಾಟಿಲ್ಲ. ಕಾಫಿ, ಉಪ್ಪಿಟ್ಟು, ಬಣ್ಣದ ಪುಡಿ, ಅಷ್ಟೇ. ಒಬ್ಬರು ಹತ್ತು ಸಾವಿರ ಕೊಡಲು ಬಂದಿದ್ದರು, ಬ್ಯಾನರಿನಲ್ಲಿ ತಮ್ಮ ಹೆಸರು ಬೇಕಂತೆ. ಬೇಡ ಎಂದೆ. ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ಚೆನ್ನಾಗಿ ನಡೆಯುವ ಕಾರ್ಯಕ್ರಮ ಜಿಲ್ಲೆಯಲ್ಲಿ ಬೇರೆ ಯಾವುದಿದೆ ಹೇಳಿ!

ಮಧ್ಯೆ ಒಂದು ದೂರು ಪೆಟ್ಟಿಗೆಯನ್ನೂ ಇಟ್ಟು ನೋಡಿದೆ. ಆಫೀಸಿನ ಮುಂದೆ ಇಟ್ಟಾಗ ಹಾಸ್ಟೆಲ್ ಸಾಂಬಾರಿನ ದೂರು ಬಿಟ್ಟು ಬೇರೇನೂ ಬೀಳಲಿಲ್ಲ. ಅಲ್ಲಿ ಸಿಸಿ ಕ್ಯಾಮೆರಾ ಇತ್ತು. ಲೈಬ್ರರಿಯ ಹಿಂದಿನ ಕಪಾಟಿನ ಹತ್ತಿರ ಇಟ್ಟ ಮೇಲೆ ನಿಜವಾದ ಚೀಟಿಗಳು ಬಂದವು. ಜಾತಿ ಹಿಡಿದು ಅಡ್ಡಹೆಸರು ಇಡುವುದು, ಬಾತ್‌ರೂಮಿನಲ್ಲಿ ವಿಡಿಯೊ ತೆಗೆದು ಗ್ರೂಪಿಗೆ ಹಾಕುವುದು, ಇಂಗ್ಲಿಷ್ ಬಾರದವರನ್ನು ನಿಲ್ಲಿಸಿ ಓದಿಸುವುದು. ಬರೆದವರ ಗುಟ್ಟು ಬಿಡದೆ ಅವರ ಜತೆ ಮಾತು ಶುರು ಮಾಡಲು ನನ್ನದೊಂದು ಉಪಾಯ ಇದೆ. ಇದನ್ನು ಮಕ್ಕಳೂ ಓದುತ್ತಾರೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕಾಗ ಕೇಳಿ.

ದೂರಿನ ದಾರಿಯೇ ಬೇರೆ, ಅದನ್ನು ನೆನೆಯುವ ದಿನಕ್ಕೆ ಬೆರೆಸಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2009ರ ನಿಯಮದಂತೆ ಕಾಲೇಜಿನಲ್ಲಿ ರ‍್ಯಾಗಿಂಗ್ ತಡೆ ಸಮಿತಿ ಇರಲೇಬೇಕು. ಮಕ್ಕಳಿಂದ, ಪೋಷಕರಿಂದ ಮುಚ್ಚಳಿಕೆ ಬರೆಸಿ ಫೈಲಿಗೆ ಹಾಕಿದರೆ ಕೆಲಸ ಮುಗಿಯಿತು ಎಂದುಕೊಂಡವರೇ ಜಾಸ್ತಿ. ರ‍್ಯಾಗಿಂಗ್ ದೂರು ಹೇಳುವ 1800-180-5522 ನಂಬರನ್ನು ಹಾಸ್ಟೆಲ್ ಗೋಡೆಗೆ ಅಂಟಿಸಿ. ಹದಿನೆಂಟು ತುಂಬದವರಿಗೆ ಮಕ್ಕಳ ಸಹಾಯವಾಣಿ 1098 ಇದೆ.

ಹೋದ ಸಲ ಒಬ್ಬ ತಾಯಿ, ಸಾಯಲು ಹೋಗಿ ಬದುಕಿ ಉಳಿದ ಮಗಳನ್ನೇ ಕರೆತಂದರು. “ಕೇಸ್ ಆಗತ್ತೆ ಅಂತ ಯಾರಿಗೂ ಹೇಳಿರಲಿಲ್ಲ ಸರ್” ಎಂದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡಬೇಕು, ಶಿಕ್ಷಿಸುವಂತಿಲ್ಲ. ಅದನ್ನು ಬಿಡಿಸಿ ಹೇಳಿದೆ. ಆ ಹುಡುಗಿ ಈಗ ನಮ್ಮ ತಂಡದಲ್ಲಿದ್ದಾಳೆ. ಅರಸೀಕೆರೆಯಲ್ಲಿ ಮಾಡುವ ಮುಂದಿನ ಕಾರ್ಯಕ್ರಮದ ಪಟ್ಟಿಯನ್ನು ಅವಳೇ ಬರೆಯುತ್ತಿದ್ದಾಳೆ.