ಮೂರರಿಂದ ನಾಲ್ಕಕ್ಕೆ: ವಿಕೆನ್‌ಬರ್ಗ್‌ನಲ್ಲಿ ಕಳೆದ ಒಂದು ರೋಪಿಂಗ್ ಋತು

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಪಂದ್ಯಕ್ಕೆ ಹೆಸರು ಕೊಡಲು ಸಾಲಿನಲ್ಲಿ ನಿಂತಿದ್ದೆ. ಮೇಜಿನ ಹಿಂದಿದ್ದ ಮಹಿಳೆ ಕಂಪ್ಯೂಟರಿನ ಪರದೆ ನೋಡಿ, "ನೀವು ಈಗ ನಾಲ್ಕು. ನಿಮ್ಮ ಜೋಡಿ ಎಂಟೂವರೆಯ ಪಂದ್ಯಕ್ಕೆ ಬರುವುದಿಲ್ಲ" ಎಂದರು. ಹಿಂದೆ ನಿಂತಿದ್ದ ಇಬ್ಬರು ಬೆನ್ನು ತಟ್ಟಿ ಅಭಿನಂದಿಸಿದರು. ನನ್ನ ಜೊತೆಗಾರರು ಮಾತ್ರ ಟೋಪಿ ತೆಗೆದು ತಲೆ ಕೆರೆದುಕೊಂಡರು. ನಾಲ್ಕು ವರ್ಷ ಬೆವರು ಸುರಿಸಿ ಗಳಿಸಿದ ಬಡ್ತಿಯೊಂದು ಅದೇ ಕ್ಷಣದಲ್ಲಿ ನನ್ನ ಜೋಡಿಯನ್ನು ಕಿತ್ತುಕೊಂಡಿತ್ತು. ಹವ್ಯಾಸಿಗಳ ಟೀಮ್ ರೋಪಿಂಗ್ ಗೊತ್ತಿಲ್ಲದವರಿಗೆ ಈ ಸಂಕಟ ಅರ್ಥವಾಗಬೇಕಾದರೆ ಆಟವನ್ನು ಸ್ವಲ್ಪ ವಿವರಿಸಬೇಕು.

ಟೀಮ್ ರೋಪಿಂಗ್ ಎಂದರೆ ಓಡುವ ಎಳೆಯ ಹೋರಿಯೊಂದನ್ನು ಕುದುರೆಯ ಮೇಲಿರುವ ಇಬ್ಬರು ಹಗ್ಗದಿಂದ ಹಿಡಿಯುವ ಆಟ. ಅಮೆರಿಕದ ಪಶ್ಚಿಮ ಭಾಗದ ದನದ ರಾಂಚುಗಳಲ್ಲಿ ಬಲವಾದ ದೊಡ್ಡ ದನಕ್ಕೆ ಮದ್ದು ಹಾಕಲು ಅಥವಾ ಬರೆ ಹಾಕಲು ಒಬ್ಬನಿಂದ ಆಗುತ್ತಿರಲಿಲ್ಲ. ಒಬ್ಬ ತಲೆ ಹಿಡಿದರೆ ಇನ್ನೊಬ್ಬ ಹಿಂಗಾಲು ಹಿಡಿಯುತ್ತಿದ್ದ, ಆ ಕೆಲಸವೇ ಮುಂದೆ ಪಂದ್ಯವಾಯಿತು. ತಲೆ ಹಿಡಿಯುವವರನ್ನು ಹೆಡರ್ ಎಂದೂ ಹಿಂಗಾಲು ಹಿಡಿಯುವವರನ್ನು ಹೀಲರ್ ಎಂದೂ ಕರೆಯುತ್ತಾರೆ. ಚ್ಯೂಟ್ ಎಂಬ ಇಕ್ಕಟ್ಟಾದ ಕಟಕಟೆಯ ಎಡಬದಿಯ ಬಾಕ್ಸಿನಲ್ಲಿ ಹೆಡರ್, ಬಲಬದಿಯಲ್ಲಿ ಹೀಲರ್ ಕಾದಿರುತ್ತಾರೆ. ಹೋರಿಗೆ ಮುಂದೋಡಲು ನಿಗದಿಯಾದ ಅವಕಾಶ ಸಿಗುವ ಮೊದಲೇ ಹೆಡರ್ ನುಗ್ಗಿ ಅಡ್ಡ ಕಟ್ಟಿದ ದಾರವನ್ನು ಹರಿದರೆ, ವೃತ್ತಿಪರರ ನಿಯಮದಂತೆ 10 ಸೆಕೆಂಡ್ ದಂಡ. ಎರಡೂ ಕೊಂಬು, ಕೊರಳು, ಇಲ್ಲವೇ ಒಂದು ಕೊಂಬು ಮತ್ತು ಮೂತಿ, ಈ ಮೂರು ಬಗೆಯ ಹಿಡಿತಗಳಷ್ಟೇ ಹೆಡರ್‌ಗೆ ಸಲ್ಲುತ್ತವೆ. ಹೀಲರ್ ಎರಡೂ ಹಿಂಗಾಲು ಹಿಡಿಯಬೇಕು. ಒಂದೇ ಕಾಲು ಸಿಕ್ಕರೆ 5 ಸೆಕೆಂಡ್ ಸೇರಿಸುತ್ತಾರೆ. ಎರಡೂ ಹಗ್ಗಗಳು ಬಿಗಿಯಾಗಿ ಕುದುರೆಗಳು ಎದುರುಬದುರಾದಾಗ ತೀರ್ಪುಗಾರರು ಬಾವುಟ ಇಳಿಸುತ್ತಾರೆ. ದೊಡ್ಡ ವೃತ್ತಿಪರರು ಇದನ್ನೆಲ್ಲ ನಾಲ್ಕು ಸೆಕೆಂಡಿನೊಳಗೆ ಮುಗಿಸುವುದುಂಟು. ನಮ್ಮಂಥವರಿಗೆ ಹತ್ತು ಸೆಕೆಂಡ್ ಒಳ್ಳೆಯ ಸಮಯ.

ಇನ್ನು ಸಂಖ್ಯೆಯ ವಿಚಾರ. ಹಿಂದೆ ಹಣದ ಪಂದ್ಯಗಳಲ್ಲಿ ಹವ್ಯಾಸಿಗಳೂ ಪಳಗಿದವರ ಎದುರೇ ಇಳಿದು ಪ್ರವೇಶಶುಲ್ಕ ಕಳೆದುಕೊಂಡು ಮನೆಗೆ ಹೋಗಬೇಕಾಗಿತ್ತು. 1990ರಲ್ಲಿ ಡೆನ್ನಿ ಜೆಂಟ್ರಿಯವರು ಯುನೈಟೆಡ್ ಸ್ಟೇಟ್ಸ್ ಟೀಮ್ ರೋಪಿಂಗ್ ಚಾಂಪಿಯನ್‌ಷಿಪ್ಸ್ ಕಟ್ಟಿ, ಪ್ರತಿಯೊಬ್ಬರ ಸಾಮರ್ಥ್ಯಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿಯನ್ನು ದೇಶಾದ್ಯಂತ ಬೇರೂರಿಸಿದರು. 2006ರಲ್ಲಿ ಅವರೇ ವರ್ಲ್ಡ್ ಸೀರೀಸ್ ಆಫ್ ಟೀಮ್ ರೋಪಿಂಗ್ ಆರಂಭಿಸಿದರು, ಅದರ ಕೊನೆಯ ಸುತ್ತು ಡಿಸೆಂಬರಿನಲ್ಲಿ ಲಾಸ್ ವೇಗಾಸ್‌ನಲ್ಲಿ ನಡೆಯುತ್ತದೆ. ಕಲಿಯುವವರಿಗೆ ಚಿಕ್ಕ ಸಂಖ್ಯೆ, ವಿಶ್ವಮಟ್ಟದವರಿಗೆ ಹತ್ತರ ಆಸುಪಾಸು. ತಲೆ ಹಿಡಿಯುವುದಕ್ಕೆ ಬೇರೆ ಸಂಖ್ಯೆ, ಕಾಲು ಹಿಡಿಯುವುದಕ್ಕೆ ಬೇರೆ. "ಎಂಟೂವರೆಯ ಪಂದ್ಯ" ಎಂದರೆ ಜೋಡಿಯ ಸಂಖ್ಯೆಗಳನ್ನು ಕೂಡಿದಾಗ ಎಂಟೂವರೆ ಮೀರಬಾರದು. ನನ್ನ ಹೆಡರ್ ಐದು. ನಾನು ಮೂರಾಗಿದ್ದಾಗ ಮೊತ್ತ ಎಂಟು, ನಾಲ್ಕಾದ ಕೂಡಲೇ ಒಂಬತ್ತು. ಅಲ್ಲಿಗೆ ಕತೆ ಮುಗಿಯಿತು.

ನಾನು ಹುಟ್ಟಿ ಬೆಳೆದದ್ದು ಹಾವೇರಿ ಜಿಲ್ಲೆಯಲ್ಲಿ. ಚಿಪ್ ವಿನ್ಯಾಸದ ಕೆಲಸಕ್ಕಾಗಿ ಅರಿಜೋನಾದ ಚಾಂಡ್ಲರ್‌ಗೆ ಬಂದೆ. ಊರಿನವರು ಈ ಆಟದ ವೀಡಿಯೊ ನೋಡಿ, ಇದು ನಮ್ಮ ಹೋರಿ ಹಬ್ಬದಂತೆಯೇ ಎಂದು ಕೇಳುತ್ತಾರೆ. ಅಲ್ಲ. ನಮ್ಮಲ್ಲಿ ದೀಪಾವಳಿಯ ಹೊತ್ತಿಗೆ ಕೊಬ್ಬರಿ ಹಾರ ಹಾಕಿ ಬಿಟ್ಟ ಹೋರಿಯದೇ ಮೆರೆದಾಟ, ಹಿಡಿಯಲಾಗದ ಹೋರಿಗೇ ಹೆಸರು. ಇಲ್ಲಿ ಹೋರಿ ಯಾರಿಗೂ ನೆನಪಿರುವುದಿಲ್ಲ. ಮೆಕ್ಸಿಕೋ ಮೂಲದ ಕೊರಿಯೆಂಟೆ ತಳಿಯ ಹಗುರ ಮೈಯ ದನಗಳಿಗೆ ಹಗ್ಗ ಉಜ್ಜದಂತೆ ಕೊಂಬಿನ ಬುಡಕ್ಕೆ ದಪ್ಪ ಹೊದಿಕೆ ಕಟ್ಟಿರುತ್ತಾರೆ. ಬಾವುಟ ಇಳಿದೊಡನೆ ಹಗ್ಗ ಸಡಿಲಿಸಿ ಬಿಟ್ಟುಬಿಡುತ್ತಾರೆ. ಆದರೂ ಮೊದಲ ವರ್ಷ ಮನಸ್ಸು ಅಳುಕುತ್ತಿತ್ತು. "ದನಾ ಹಿಡಿಯಾಕ ಅಮೇರಿಕಾಕ್ಕ ಹೋಗ್ಬೇಕಿತ್ತೇನಪಾ?" ಎಂದು ಅವ್ವ ಫೋನಿನಲ್ಲಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಫೀನಿಕ್ಸ್‌ನಿಂದ ವಾಯವ್ಯಕ್ಕಿರುವ ವಿಕೆನ್‌ಬರ್ಗ್ ತನ್ನನ್ನು ಟೀಮ್ ರೋಪಿಂಗಿನ ವಿಶ್ವ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಆ ಮಾತಿಗೆ ಯಾರೂ ನಗುವುದಿಲ್ಲ. ಮೊಂಟಾನಾ, ವಯೋಮಿಂಗ್, ಕೆನಡಾದ ಆಲ್ಬರ್ಟಾ ಹಿಮದಲ್ಲಿ ಹೂತಿರುವಾಗ ಅಲ್ಲಿಯ ರೋಪರ್‌ಗಳು ಕುದುರೆಗಳನ್ನು ಟ್ರೈಲರಿನಲ್ಲಿ ಹೇರಿಕೊಂಡು ಇಲ್ಲಿಗೆ ಬರುತ್ತಾರೆ. ಬಹಳಷ್ಟು ಮಂದಿ ಅರವತ್ತು ದಾಟಿದವರು. ನವೆಂಬರಿನಿಂದ ಮಾರ್ಚ್‌ವರೆಗೆ ವಾರದ ಯಾವ ದಿನ ಹೋದರೂ ಎಲ್ಲೋ ಒಂದು ಅಖಾಡದಲ್ಲಿ ಧೂಳೆದ್ದಿರುತ್ತದೆ. ನನ್ನ ಜೊತೆಗಾರರೂ ಹಾಗೆ ಆಲ್ಬರ್ಟಾದಿಂದ ಬರುವ, ಎಪ್ಪತ್ತರ ಹೊಸ್ತಿಲಲ್ಲಿರುವ ರೈತರು.

ನವೆಂಬರ್ ಪೂರ್ತಿ ಸೋಲು. ಮೂರು ವಾರಾಂತ್ಯ, ಹದಿನಾಲ್ಕು ಹೋರಿ, ಶುದ್ಧವಾಗಿ ಹಿಡಿದದ್ದು ನಾಲ್ಕನ್ನು. ಇಲ್ಲಿಯ ಜಾಕ್‌ಪಾಟ್ ಪಂದ್ಯಗಳಲ್ಲಿ ಪ್ರವೇಶಶುಲ್ಕವನ್ನೇ ಒಟ್ಟುಗೂಡಿಸಿ ಬಹುಮಾನ ಹಂಚುತ್ತಾರೆ, ಮತ್ತು ಹಲವೆಡೆ ಮೊದಲ ಹೋರಿ ತಪ್ಪಿದ ಜೋಡಿಗೆ ಎರಡನೆಯದು ಸಿಗುವುದಿಲ್ಲ. ಹೀಗಾಗಿ ನಸುಕಿನಲ್ಲಿ ಎದ್ದು, ಕುದುರೆಗೆ ಜೀನು ಬಿಗಿದು, ಒಂದೂವರೆ ಗಂಟೆ ಟ್ರೈಲರ್ ಎಳೆದುಕೊಂಡು ಹೋಗಿ, ಹನ್ನೆರಡು ಸೆಕೆಂಡ್ ಆಡಿ ವಾಪಸಾದ ದಿನಗಳೂ ಇದ್ದವು.

ತಪ್ಪು ಕೈಯಲ್ಲಿದೆ ಎಂದು ನಾನು ನಂಬಿದ್ದೆ. ಹಗ್ಗ ಬದಲಿಸಿದೆ. ಹೀಲರ್ ಹಗ್ಗ ಸುಮಾರು 35 ಅಡಿ ಉದ್ದ, ಹೆಡರ್ ಹಗ್ಗಕ್ಕಿಂತ ಬಿರುಸು. ಹುರಿಯ ಬಿಗಿತಕ್ಕೆ ತಕ್ಕಂತೆ ಅದರಲ್ಲಿ ಮೆದುವಿನಿಂದ ಗಟ್ಟಿಯವರೆಗೆ ದರ್ಜೆಗಳಿವೆ. ಬೆಳಗಿನ ಚಳಿಗೆ ಕಬ್ಬಿಣದ ಸರಿಗೆಯಂತಿದ್ದ ಹಗ್ಗ ಮಧ್ಯಾಹ್ನದ ಬಿಸಿಲಿಗೆ ತೇವದ ಟವೆಲಿನಂತಾಗುತ್ತದೆ ಎಂಬ ಕಾರಣಕ್ಕೆ ಎರಡು ದರ್ಜೆಯವನ್ನು ಚೀಲದಲ್ಲಿಟ್ಟುಕೊಂಡೆ, ಮಕ್ಕಳ ಪೌಡರ್ ಸವರಿದೆ. ಮನೆಯ ಹಿಂದೆ ಪ್ಲಾಸ್ಟಿಕ್ ಹೋರಿಯ ಕಾಲುಗಳಿಗೆ ದಿನಕ್ಕೆ ನೂರು ಬಾರಿ ಕುಣಿಕೆ ಎಸೆದೆ. ನಿಂತ ಪ್ಲಾಸ್ಟಿಕ್ ಎಂದೂ ತಪ್ಪಲಿಲ್ಲ, ಓಡುವ ಹೋರಿ ಎಂದೂ ಸಿಗಲಿಲ್ಲ.

ಡಿಸೆಂಬರಿನಲ್ಲಿ ನನ್ನ ಹೆಡರ್ ಅವರ ಹೆಂಡತಿ ಫೋನಿನಲ್ಲಿ ಚಿತ್ರೀಕರಿಸಿದ ಓಟಗಳನ್ನು ರಾತ್ರಿ ಒಂದೊಂದು ಚೌಕಟ್ಟಾಗಿ ನೋಡಿದಾಗ ಗುಟ್ಟು ರಟ್ಟಾಯಿತು. ನಾನು ಹಗ್ಗ ಬಿಡುವ ಹೊತ್ತಿಗೆ ಕುದುರೆ ಇರಬೇಕಾದಲ್ಲಿ ಇರುತ್ತಲೇ ಇರಲಿಲ್ಲ. ಹೆಡರ್ ಕೊಂಬು ಹಿಡಿದು, ಜೀನಿನ ಕೊಂಬಿಗೆ ಹಗ್ಗ ಸುತ್ತಿ ಎಡಕ್ಕೆ ತಿರುಗಿದಾಗ ಹೋರಿಯ ಹಿಂಭಾಗ ಬೀಸಣಿಗೆಯಂತೆ ಹೊರಕ್ಕೆ ತೂಗುತ್ತದೆ. ಆ ತಿರುವನ್ನು ಇಲ್ಲಿ ಕಾರ್ನರ್ ಎನ್ನುತ್ತಾರೆ. ಅವಸರದಲ್ಲಿ ನಾನು ಒಳಕ್ಕೆ ಕತ್ತರಿಸಿಕೊಂಡು ಹೋಗಿ ಹೋರಿಗೆ ತೀರಾ ಹತ್ತಿರವಾಗುತ್ತಿದ್ದೆ, ಕುಣಿಕೆ ಕಾಲಿನ ಮುಂದೆ ನಿಲ್ಲಲು ಜಾಗವೇ ಉಳಿಯುತ್ತಿರಲಿಲ್ಲ. ಹೀಲರ್ ಕಾಲನ್ನು ಹಿಡಿಯುವುದಿಲ್ಲ. ಕಾಲುಗಳು ನೆಲ ಬಿಟ್ಟ ಕ್ಷಣದಲ್ಲಿ, ಅವು ಮುಂದೆ ಎಲ್ಲಿ ಊರುತ್ತವೋ ಅಲ್ಲಿ ಕುಣಿಕೆಯನ್ನು ಬಾಗಿಲಿನಂತೆ ತೆರೆದು ನಿಲ್ಲಿಸುತ್ತಾನೆ. ಉಳಿದ ಕೆಲಸ ಹೋರಿಯದು. ತಿರುವು ಮುಗಿಯುವ ಮುನ್ನವೇ ಎಸೆದರೆ ಅದು ಕ್ರಾಸ್‌ಫೈರ್, ಓಟವೇ ರದ್ದು.

ಮುಂದಿನ ಮೂರು ವಾರ ನಾನು ಹಗ್ಗ ಎಸೆಯುವುದನ್ನೇ ಬಿಟ್ಟೆ. ಪರಿಚಯದವರೊಬ್ಬರು ಚಕ್ರವಾಹನಕ್ಕೆ ಕಟ್ಟಿ ಎಳೆಯುವ ಯಂತ್ರದ ಹೋರಿಯ ಹಿಂದೆ, ಬರಿಗೈಯಲ್ಲಿ, ತಿರುವಿನಲ್ಲಿ ಅಗಲವಾಗಿ ಸುತ್ತಿ ಸರಿಯಾದ ಜಾಗಕ್ಕೆ ಬಂದು ನಿಲ್ಲುವುದನ್ನಷ್ಟೇ ಅಭ್ಯಾಸ ಮಾಡಿದೆ. ನನ್ನ ಕುದುರೆ ಹದಿನೈದು ವರ್ಷದ ಕ್ವಾರ್ಟರ್ ಹಾರ್ಸ್, ಈ ಕೆಲಸವನ್ನು ನನಗಿಂತ ಚೆನ್ನಾಗಿ ಬಲ್ಲದು. ಲಗಾಮನ್ನು ಎಳೆದೆಳೆದು ಅದಕ್ಕೆ ಕಲಿಸಲು ಹೊರಟಿದ್ದವನು ನಾನು. ಎಡಗೈಯನ್ನು ಇಳಿಸಿ ಹಿಡಿದ ದಿನದಿಂದ ಅದರ ಕಿವಿಗಳೂ ಸಡಿಲವಾದವು.

ಜನವರಿಯ ಮೂರನೆಯ ಶನಿವಾರದ ಪಂದ್ಯಕ್ಕೆ ನೂರಕ್ಕೂ ಹೆಚ್ಚು ಜೋಡಿಗಳು ಬಂದಿದ್ದವು. ಮೊದಲ ಹೋರಿ 9.84 ಸೆಕೆಂಡ್, ಎರಡನೆಯದು 11.20, ಮೂರನೆಯದು 10.61. ಒಟ್ಟು ಸಮಯದಲ್ಲಿ ಮುಂದಿರುವವರನ್ನಷ್ಟೇ ಕರೆಯುವ ಕೊನೆಯ ಸುತ್ತಿಗೆ ಶಾರ್ಟ್ ಗೋ ಎಂದು ಹೆಸರು, ಅದರಲ್ಲಿ ನಿಧಾನದವರು ಮೊದಲು, ವೇಗದವರು ಕೊನೆಗೆ ಓಡುತ್ತಾರೆ. ನಮ್ಮ ಸರದಿ ಕೊನೆಯಿಂದ ಮೂರನೆಯದು. ನನ್ನ ಹೆಡರ್ ಬಾಕ್ಸಿನಲ್ಲಿ ಹಿಂದಿರುಗಿ, "ಸುಮ್ಮನೆ ಹಿಡಿ, ಅವಸರ ಅವರಿಗಿರಲಿ" ಎಂದಷ್ಟೇ ಹೇಳಿದರು. ಹೋರಿ ಬಲಕ್ಕೆ ವಾಲಿತು, ನಾನು ಅದನ್ನು ಒತ್ತಿ ನೇರಕ್ಕೆ ತಂದೆ, ಅವರು ಎರಡೂ ಕೊಂಬು ಹಿಡಿದು ತಿರುಗಿದರು. ಎರಡು ನೆಗೆತ ಕಾದು ಹಗ್ಗ ಬಿಟ್ಟೆ. 9.92. ನಮ್ಮ ನಂತರದ ಜೋಡಿಗೆ ಒಂದೇ ಕಾಲು ಸಿಕ್ಕಿತು, ಕೊನೆಯ ಜೋಡಿ ಶುದ್ಧವಾಗಿ ಹಿಡಿಯಿತು. ಒಟ್ಟು 41.57 ಸೆಕೆಂಡಿಗೆ ನಮಗೆ ಎರಡನೆಯ ಸ್ಥಾನ. ಬಂದ ಹಣದಲ್ಲಿ ನವೆಂಬರಿನ ಪ್ರವೇಶಶುಲ್ಕವೂ ಡೀಸೆಲ್ ಖರ್ಚೂ ಹುಟ್ಟಿ, ಕುದುರೆಯ ಲಾಳಕ್ಕೂ ಸ್ವಲ್ಪ ಉಳಿಯಿತು.

ಫೆಬ್ರುವರಿಯಲ್ಲಿ, ಊರಿನ ಗೋಲ್ಡ್ ರಷ್ ಡೇಸ್ ಹಬ್ಬದ ವಾರ, ಗೆಲುವಿನ ಅಮಲಿನಲ್ಲಿ ಡ್ಯಾಲಿ ಹಾಕುವಾಗ ಕೆಳಗೆ ನೋಡದೆ ಕೈ ತಿರುಗಿಸಿದೆ. ಓಡುವ ಹಗ್ಗವನ್ನು ಜೀನಿನ ಕೊಂಬಿಗೆ ಸುತ್ತುವ ಕ್ರಿಯೆಗೆ ಡ್ಯಾಲಿ ಎನ್ನುತ್ತಾರೆ. ಹೆಬ್ಬೆರಳು ಮೇಲ್ಮುಖವಾಗಿರಬೇಕು ಎಂಬುದು ಮೊದಲ ಪಾಠ. ನನ್ನದು ಅಡ್ಡವಾಗಿತ್ತು. ಹಗ್ಗ ಅಂಗೈಯ ಚರ್ಮವನ್ನು ಕಿತ್ತುಕೊಂಡು ಹೋಯಿತು, ಬೆರಳು ಉಳಿಯಿತು. ಕ್ಲೇ ಓಬ್ರಯನ್ ಕೂಪರ್ ಜೊತೆ ಏಳು ಬಾರಿ ವಿಶ್ವ ಚಾಂಪಿಯನ್ ಆದ ಜೇಕ್ ಬಾರ್ನ್ಸ್ ಅಂಥವರೇ 2005ರ ರಾಷ್ಟ್ರೀಯ ಫೈನಲ್ಸ್‌ನಲ್ಲಿ ಬಲಗೈ ಹೆಬ್ಬೆರಳನ್ನು ಕಳೆದುಕೊಂಡರೆಂಬುದನ್ನು ಆ ದಿನ ಮೂವರು ಬೇರೆಬೇರೆಯಾಗಿ ಬಂದು ನನಗೆ ನೆನಪಿಸಿದರು. ಎರಡು ವಾರ ಕೀಬೋರ್ಡ್ ಒತ್ತುವುದೂ ಕಷ್ಟವಾಗಿತ್ತು. ಕಚೇರಿಯಲ್ಲಿ ಅಡುಗೆ ಮಾಡುವಾಗ ಸುಟ್ಟಿತು ಎಂದು ಹೇಳಿದೆ.

ಈ ವಲಯದಲ್ಲಿ ನಿಲ್ಲದ ಜಗಳವೊಂದಿದೆ: ಸಂಖ್ಯೆ ಏರದಿರಲೆಂದು ಕೆಲವರು ಚಿಕ್ಕ ಪಂದ್ಯಗಳಲ್ಲಿ ಬೇಕೆಂದೇ ತಪ್ಪಿ, ದೊಡ್ಡ ಹಣದ ದಿನ ಮಾತ್ರ ಹಿಡಿಯುತ್ತಾರೆ ಎಂಬ ದೂರು. ಇದ್ದರೂ ಇರಬಹುದು. ನನ್ನ ತಪ್ಪುಗಳಂತೂ ಯಾವ ತಂತ್ರವೂ ಇಲ್ಲದ ಅಪ್ಪಟ ತಪ್ಪುಗಳು. ಆದರೆ ಮೂರರಿಂದ ನಾಲ್ಕಕ್ಕೆ ಏರಿದ ಮೇಲೆ ಆ ಆಸೆ ಎಲ್ಲಿಂದ ಹುಟ್ಟುತ್ತದೆ ಎಂಬುದು ನನಗೆ ತಿಳಿಯಿತು. ಕೆಳಗಿನ ವರ್ಗದಲ್ಲಿ ನಿಧಾನವಾಗಿ ಹಿಡಿದರೂ ಹಣ ಬರುತ್ತಿತ್ತು. ಒಂಬತ್ತೂವರೆಯ ವರ್ಗದಲ್ಲಿ ನಾವಿಬ್ಬರೂ ಮಾರ್ಚ್ ಕೊನೆಯವರೆಗೆ ಮೂರು ಬಾರಿ ಓಡಿದೆವು. ಮೂರರಲ್ಲೂ ಶುದ್ಧವಾಗಿ ಹಿಡಿದೆವು, ಒಂದರಲ್ಲೂ ಶಾರ್ಟ್ ಗೋ ಮುಟ್ಟಲಿಲ್ಲ.

ಏಪ್ರಿಲ್ ಮೊದಲ ವಾರ ನನ್ನ ಜೊತೆಗಾರರು ಆಲ್ಬರ್ಟಾಕ್ಕೆ ಹೊರಟರು. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ ದಾಟುವುದರಿಂದ ಅಭ್ಯಾಸವೆಲ್ಲ ಸೂರ್ಯ ಹುಟ್ಟುವ ಮುನ್ನ. ಎಂಟೂವರೆಗೆ ಹೊಂದುವ, ನಾಲ್ಕರ ಹೆಡರ್ ಒಬ್ಬರನ್ನು ಹುಡುಕುತ್ತಿದ್ದೇನೆ, ಇಬ್ಬರೊಡನೆ ಒಂದೊಂದು ಬೆಳಿಗ್ಗೆ ಓಡಿಯೂ ನೋಡಿದ್ದೇನೆ. ಕಳೆದ ವಾರ ಹಳೆಯ ಜೊತೆಗಾರರು ಕರೆ ಮಾಡಿದ್ದರು. ಭುಜದ ಶಸ್ತ್ರಚಿಕಿತ್ಸೆ ಆಗಿದೆಯಂತೆ. ವಯಸ್ಸನ್ನೂ ಭುಜವನ್ನೂ ಮುಂದಿಟ್ಟು ತಮ್ಮ ಸಂಖ್ಯೆಯನ್ನು ಐದರಿಂದ ನಾಲ್ಕಕ್ಕೆ ಇಳಿಸಬೇಕೆಂದು ಅರ್ಜಿ ಹಾಕಿದ್ದಾರೆ. ನವೆಂಬರಿನವರೆಗೆ ಬೇರೆ ಯಾರಿಗೂ ಮಾತು ಕೊಡಬೇಡ ಎಂದರು. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ.