ಹಳ್ಳ ಬರುತ್ತೋ ಇಲ್ಲೋ: ತರಗತಿಗೊಂದು ದಾಳದ ಆಟ

24 ತಾಸಿನಲ್ಲಿ 64.5 ಮಿ.ಮೀ. ಸುರಿದರೆ ಹವಾಮಾನ ಇಲಾಖೆ ಅದನ್ನು ‘ಭಾರಿ ಮಳೆ’ ಎನ್ನುತ್ತದೆ. ಅಷ್ಟೇ ಮಳೆ ಒಣಗಿದ ಎರೆಹೊಲದ ಮೇಲೆ ಬಿದ್ದರೆ ಬಹುಪಾಲು ಬಿರುಕಿಗಿಳಿಯುತ್ತದೆ. ಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲೆ ಬಿದ್ದರೆ ಹಳ್ಳದ ದಾರಿ ಹಿಡಿಯುತ್ತದೆ. ಶಿಗ್ಗಾವಿ ಕಡೆಯಿಂದ ಕುಂದಗೋಳ, ನವಲಗುಂದ ದಾಟಿ ಮಲಪ್ರಭೆ ಸೇರುವ ಬೆಣ್ಣೆಹಳ್ಳದ ಸ್ವಭಾವವೂ ಇದೇ. 2019ರ ಆಗಸ್ಟ್ ನೆರೆ ಕಂಡ ಊರುಗಳ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲಿಸಬೇಕಾದದ್ದು ಮುನ್ಸೂಚನೆಯ ಲೆಕ್ಕ. ಏಳನೇ ತರಗತಿಯಿಂದ ಮೇಲಿನವರಿಗೆ ಈ ಆಟ ಸರಿ, 40 ನಿಮಿಷ ಸಾಕು.

ಬೇಕಾದ್ದು: ಎರಡು ದಾಳ, ಒಳಗಿನದು ಕಾಣದ ಸ್ಟೀಲ್ ಲೋಟ, ಗುಂಪಿಗೆ 20 ಹುಣಸೆ ಬೀಜ, ಒಂದು ಕೆಂಪು, ಒಂದು ಹಸಿರು ಚೀಟಿ. ಕರಿಹಲಗೆಯ ಮೇಲೆ 0ರಿಂದ 3ರವರೆಗೆ ‘ಮಣ್ಣಿನ ತೇವ’ದ ನಾಲ್ಕು ಮನೆ ಬರೆಯಿರಿ, ಆಟ 0ಯಿಂದ ಶುರು. ದಾಳವನ್ನು ಮಣ್ಣಿನಲ್ಲಿ ಮಾಡಿದ್ದರೆ ಮೊದಲು 60 ಸಲ ಉರುಳಿಸಿ ನೋಡಿ. ಪ್ರತಿ ಮುಖ ಸುಮಾರು ಹತ್ತು ಸಲ ಬೀಳಬೇಕು. ಒಂದೇ ಮುಖ 20 ಸಲ ಬಿದ್ದರೆ ಆ ದಾಳ ಬೇಡ, ಲೆಕ್ಕವೆಲ್ಲ ಕೆಡುತ್ತದೆ.

ನಾಲ್ಕೈದು ಮಕ್ಕಳ ಗುಂಪು ಒಂದು ಊರು. ಒಂದು ಸುತ್ತು ಒಂದು ದಿನ, ಒಟ್ಟು ಹತ್ತು ದಿನ.

1. ಶಿಕ್ಷಕರು ಮೊದಲ ದಾಳವನ್ನು ಎಲ್ಲರೆದುರು ಉರುಳಿಸಲಿ. ಇದು ಮೇಲ್ಭಾಗದ ಮಳೆ. ಎರಡನೆಯದು ಲೋಟದಡಿ ಮುಚ್ಚಿರಲಿ. ಅದು ನಡುದಾರಿಯ ಮಳೆ.

2. ಎರಡೂ ದಾಳ ಮತ್ತು ತೇವ ಕೂಡಿ 11 ಅಥವಾ ಹೆಚ್ಚಾದರೆ ಹಳ್ಳ ಬಂತು. ಮುಚ್ಚಿದ ದಾಳದ ಆರು ಮುಖಗಳಲ್ಲಿ ಎಷ್ಟಕ್ಕೆ ಹಳ್ಳ ಬಂದೀತು ಎಂದು ಪ್ರತಿ ಗುಂಪು ಬರೆದಿಡಬೇಕು. ಮೊದಲ ದಾಳ 5, ತೇವ 0 ಇದ್ದರೆ 6 ಮಾತ್ರ: ಸಾಧ್ಯತೆ 1/6. ಅದೇ 5, ತೇವ 3 ಇದ್ದರೆ 3, 4, 5, 6 ಎಲ್ಲವೂ: 4/6. ಆಟದ ಜೀವ ಇರುವುದು ಇಲ್ಲೇ, ಅವಸರ ಮಾಡಬೇಡಿ.

3. ದನಕರು, ಕಾಳುಕಡಿ ಎತ್ತರಕ್ಕೆ ಸಾಗಿಸುವವರು ಕೆಂಪು ಚೀಟಿ ಎತ್ತಲಿ. ಖರ್ಚು 2 ಬೀಜ. ಉಳಿದವರು ಹಸಿರು. ಎಲ್ಲರೂ ಒಟ್ಟಿಗೆ ಎತ್ತಬೇಕು, ಇಲ್ಲವಾದರೆ ಜಾಣ ಗುಂಪನ್ನು ನೋಡಿ ಮಿಕ್ಕವರು ಎತ್ತುತ್ತಾರೆ.

4. ಲೋಟ ತೆಗೆಯಿರಿ. ಹಳ್ಳ ಬಂದರೆ ಹಸಿರಿನವರಿಗೆ 6 ಬೀಜ ನಷ್ಟ. ಕೆಂಪಿನವರಿಗೆ ಬೇರೆ ನಷ್ಟವಿಲ್ಲ.

5. ಆಮೇಲೆ ತೇವ ಬದಲಿಸಿ. ದಾಳಗಳ ಮೊತ್ತ 8 ಅಥವಾ ಹೆಚ್ಚಿದ್ದರೆ ಒಂದು ಮನೆ ಮೇಲೆ, 5 ಅಥವಾ ಕಡಿಮೆಯಿದ್ದರೆ ಒಂದು ಮನೆ ಕೆಳಗೆ. ಹಂತ 4ಕ್ಕೆ ಮೊದಲೇ ಬದಲಿಸಿದರೆ ಅಂದಿನ ಮಳೆ ಎರಡು ಸಲ ಎಣಿಕೆಗೆ ಬರುತ್ತದೆ. ಸಾಮಾನ್ಯವಾಗಿ ತಪ್ಪುವುದು ಇಲ್ಲೇ.

ಹತ್ತೂ ದಿನ ಕೆಂಪು ಎತ್ತಿದ ಊರಿನ ಚೀಲ ಖಾಲಿ. ಒಮ್ಮೆಯೂ ಎತ್ತದ ಊರು ನಾಲ್ಕು ಸಲ ಹಳ್ಳ ಬಂದರೆ ಸಾಲಗಾರ. ಸಾಧ್ಯತೆ 2/6 ಇದ್ದಾಗ ಎರಡೂ ದಾರಿ ಸಮ: ಆರು ಸಲದಲ್ಲಿ ಎರಡು ಸಲ ಹಳ್ಳ ಬಂದರೆ ಹೋಗುವುದು 12 ಬೀಜ, ಆರೂ ಸಲ ಸಾಗಿಸಿದರೂ 12. ಅದಕ್ಕಿಂತ ಹೆಚ್ಚಿದ್ದರೆ ಸಾಗಿಸುವುದೇ ಲೇಸು. ಇದನ್ನು ಮೊದಲೇ ಹೇಳಿಬಿಟ್ಟರೆ ಆಟ ಸಪ್ಪೆ; ಮಕ್ಕಳೇ ಲೆಕ್ಕ ಹಾಕಿ ಕಂಡುಕೊಳ್ಳಲಿ.

ಎರಡು-ಮೂರು ಸಲ ಕೆಂಪು ಎತ್ತಿಯೂ ಹಳ್ಳ ಬರದಿದ್ದರೆ ‘ಲೆಕ್ಕ ಸುಳ್ಳು’ ಎಂಬ ಗುಲ್ಲೇಳುತ್ತದೆ. ಆಗ ಆಟ ನಿಲ್ಲಿಸಿ ಮಾತಾಡಿ. 4/6 ಎಂದಿದ್ದಾಗಲೂ ಆರರಲ್ಲಿ ಎರಡು ಸಲ ಹಳ್ಳ ಬರದೆಯೇ ಇರಬೇಕು. ಒಂದು ದಿನ ನೋಡಿ ಮುನ್ಸೂಚನೆಯನ್ನು ತೂಗಲಾಗದು. ನಾಲ್ಕೈದು ಆಟಗಳ ‘4/6’ ದಿನಗಳನ್ನೆಲ್ಲ ಒಟ್ಟುಗೂಡಿಸಿ, ಎಷ್ಟು ದಿನ ಹಳ್ಳ ಬಂತೆಂದು ಎಣಿಸಿ.

ಎರಡನೇ ಆಟಕ್ಕೆ ಒಂದು ನಿಯಮ ಸೇರಿಸಿ: ಮೊದಲ ದಾಳ ಉರುಳುವ ಮುನ್ನವೇ ಸಾಗಿಸಿದರೆ ಖರ್ಚು 1 ಬೀಜ ಮಾತ್ರ. ಹಿಂದಿನ ದಿನವೇ ಟ್ರ್ಯಾಕ್ಟರ್ ಗೊತ್ತು ಮಾಡಿದರೆ ಅಗ್ಗ, ಹಳ್ಳ ಏರುತ್ತಿರುವಾಗ ದುಬಾರಿ. ಈಗ ಮಕ್ಕಳು ತೇವದ ಮನೆಯನ್ನಷ್ಟೇ ನೋಡಿ ತೀರ್ಮಾನಿಸಬೇಕು. 36 ಜೋಡಿಗಳಲ್ಲಿ ತೇವ 0 ಇದ್ದಾಗ 3ಕ್ಕೆ ಹಳ್ಳ ಬರುತ್ತದೆ, ತೇವ 3 ಇದ್ದಾಗ 15ಕ್ಕೆ. ನಡುವಿನ ಎರಡು ಮನೆಗಳ ಲೆಕ್ಕ ಮನೆಪಾಠಕ್ಕಿರಲಿ.